ಪಾಚಿಯ ಉಸಿರು

ಕುದ್ರೋಳಿ, ಮಂಗಳೂರು
6 ಜೂನ್ 1966, ಸೋಮವಾರ

ಕುಶಲಾ,

ಇವತ್ತು ಸಂಕಷ್ಟಿ. ಬೆಳಿಗ್ಗೆ ತುಳಸಿಗೆ ನೀರು ಹಾಕಿ, ನಿನ್ನ ಅಪ್ಪನ ಹೋಟೆಲಿಗೆ ಉದ್ದು ಅರೆದು ಕಳುಹಿಸಿ, ಬಾವಿಕಟ್ಟೆಯ ಪಾಚಿ ತಿಕ್ಕಲು ಕೂತೆ. ಎರಡು ಮಳೆ ಬಿದ್ದದ್ದೇ ತಡ, ಕಲ್ಲೆಲ್ಲ ಹಸಿರು ಹಿಡಿದಿದೆ. ತೆಂಗಿನ ಸಿಪ್ಪೆಗೆ ಬೂದಿ ಹಾಕಿ ತಿಕ್ಕುತ್ತಿರುವಾಗ ಅಂಚೆಯವ ನಿನ್ನ ಕಾಗದ ತಂದ. ಕೈ ತೊಳೆದು ಓದಿದೆ. ಆಮೇಲೆ ತಿಕ್ಕಲು ಮನಸ್ಸಾಗಲಿಲ್ಲ. ಅರ್ಧ ಕಟ್ಟೆ ಹಾಗೆಯೇ ಉಂಟು.

ನನಗೆ ಎಷ್ಟು ತಿಳಿಯಿತೋ ಅಷ್ಟನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ನಾನು ಹಳ್ಳಿಯ ಮುಳಿಹುಲ್ಲು ಹೊದೆಸಿದ ಶಾಲೆಯಲ್ಲಿ ನಾಲ್ಕನೆಯ ಕ್ಲಾಸು ಓದಿದವಳು. ನಿಮ್ಮ ಸಂಶೋಧನಾಲಯದಲ್ಲಿ ಒಂದು ಕಬ್ಬಿಣದ ಕೋಣೆ ಮಾಡಿದ್ದಾರೆ. ಅದಕ್ಕೆ ಸೂಜಿ ಹೋಗುವಷ್ಟೂ ಸಂದು ಇಲ್ಲ. ಒಳಗೆ ಗಾಜಿನ ತೊಟ್ಟಿಗಳಲ್ಲಿ ದೀಪ ಹಾಕಿ ಪಾಚಿ ಬೆಳೆಸುತ್ತೀರಿ. ಮನುಷ್ಯ ಬಿಟ್ಟ ಉಸಿರನ್ನು ಪಾಚಿ ಕುಡಿಯುತ್ತದೆ, ಪಾಚಿ ಬಿಟ್ಟದ್ದನ್ನು ಮನುಷ್ಯ ಎಳೆಯುತ್ತಾನೆ. ಹೊರಗಿನ ಗಾಳಿ ಬೇಡ. ಹಾಗೆ ಬದುಕಬಹುದು ಎಂದು ಗೊತ್ತಾದರೆ, ಮುಂದೆ ಒಂದು ಕಾಲಕ್ಕೆ ಗಾಳಿಯೇ ಇಲ್ಲದ ಚಂದ್ರನ ಮೇಲೂ ಮನುಷ್ಯ ಮನೆ ಕಟ್ಟಬಹುದು. ಅದನ್ನು ಪರೀಕ್ಷೆ ಮಾಡಲು ಬರುವ ತಿಂಗಳು ಆ ಕೋಣೆಯೊಳಗೆ ಹೋಗಿ ಅಮಾವಾಸ್ಯೆಯವರೆಗೆ ಕೂರುವವಳು ನೀನು.

ಇದೇ ಅಲ್ಲವಾ?

ಅಪ್ಪನಿಗೆ ಓದಿ ಹೇಳಿದೆ. ನಕ್ಕರು. "ಒಳ್ಳೆದಾಯ್ತು ಮಾರಾಯ್ತಿ, ಚಂದ್ರನಲ್ಲಿ ನಾನೊಂದು ಹೋಟೆಲ್ ಹಾಕ್ತೇನೆ. ಇಡ್ಲಿಗೆ ಬೇರೆ ಬಿಲ್ಲು, ಉಸಿರಿಗೆ ಬೇರೆ ಬಿಲ್ಲು. ಚಾ ಕುಡಿದು ಹರಟೆ ಹೊಡೀತಾ ಕೂರುವವರಿಗೆ ಡಬಲ್ ಚಾರ್ಜು!" ಹೋಟೆಲಿನಲ್ಲಿ ಗಿರಾಕಿಗಳನ್ನೂ ಇದೇ ಮಾತಿನಿಂದ ನಗಿಸಿದ್ದಾರಂತೆ. ಮಧ್ಯಾಹ್ನ ಮನೆಗೆ ಊಟಕ್ಕೆ ಬಂದ ಅಪ್ಪ ಮಾತ್ರ ಬಟ್ಟಲಿಗೆ ಕೈ ಹಾಕಲಿಲ್ಲ. "ಆ ಕೋಣೆಗೆ ಕಿಟಕಿ ಉಂಟಂತಾ?" ಎಂದು ಕೇಳಿದರು. ಉಂಟು, ಗಾಜಿನದ್ದು, ತೆರೆಯುವುದಿಲ್ಲ ಎಂದೆ. ಮಜ್ಜಿಗೆ ಬೇಡ ಎಂದು ಎದ್ದರು.

ನನಗೆ ಹೆದರಿಕೆ ಆಗುತ್ತದೆ ಮಗಾ. ನನ್ನ ಅಣ್ಣ ಕಾಂತಣ್ಣನನ್ನು ನೀನು ನೋಡಿಲ್ಲ, ನೀನು ಹುಟ್ಟುವ ಮೊದಲೇ ಹೋದವನು. ಪಾಳು ಬಾವಿಗೆ ಇಳಿಯಬೇಕಾದರೆ ನಮ್ಮಲ್ಲಿ ಒಂದು ಕ್ರಮ ಉಂಟು. ಹಸಿ ಸೊಪ್ಪಿನ ದೊಡ್ಡ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಮೇಲೆ ಕೆಳಗೆ ಎಳೆದಾಡಬೇಕು, ತಳದ ಕೆಟ್ಟ ಗಾಳಿ ಕದಡಿ ಹೊರಗೆ ಹೋಗಬೇಕು. ಆಮೇಲೆ ದೀಪ ಇಳಿಸಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಅವತ್ತು ಎಲ್ಲವನ್ನೂ ಕ್ರಮದಲ್ಲೇ ಮಾಡಿದ್ದರು. ದೀಪ ಚೆನ್ನಾಗಿ ಉರಿಯಿತು. ಕಾಂತಣ್ಣ ಇಳಿದ. ಕೆಸರಿಗೆ ಕಾಲಿಟ್ಟಾಗ ಅದರ ಅಡಿಯಲ್ಲಿದ್ದ ಗಾಳಿ ಎದ್ದಿತಂತೆ. ಅವನು ಕೂಗಲಿಲ್ಲ. ಮಧ್ಯಾಹ್ನದ ಜೊಂಪು ಹತ್ತಿದವನ ಹಾಗೆ ಗೋಡೆಗೆ ಒರಗಿ ಕೂತ. ಮೇಲಿದ್ದವರು, ಸುಧಾರಿಸಿಕೊಳ್ಳುತ್ತಿದ್ದಾನೆ ಎಂದು ತಿಳಿದರು.

ಗಾಳಿ ಇಲ್ಲದೆ ಸಾಯುವವರು ಕೂಗುವುದಿಲ್ಲ ಕುಶಲಾ. ಅದೇ ನನ್ನ ಹೆದರಿಕೆ.

ಇನ್ನೊಂದು ಮಾತು. ಇವತ್ತು ಚಂದ್ರ ಹುಟ್ಟಿದ ಮೇಲೆ ಅವನ ಮುಖ ನೋಡಿ, ಅರ್ಘ್ಯ ಬಿಟ್ಟು ನಾನು ಉಣ್ಣುವವಳು. ಅವನು ಗಣಪತಿಯನ್ನು ನೋಡಿ ನಕ್ಕು ಶಾಪ ತಿಂದವನು. ಆ ಶಾಪದಿಂದಲೇ ಅಲ್ಲಿ ಹುಲ್ಲು ಹುಟ್ಟದೆ ಇದ್ದೀತು. ದೇವರು ಒಂದು ಜಾಗದಲ್ಲಿ ಗಾಳಿ ಇಡಲಿಲ್ಲ ಎಂದರೆ ಅಲ್ಲಿಗೆ ಯಾರೂ ಬರುವುದು ಬೇಡ ಎಂದೇ ಅರ್ಥವಲ್ಲವಾ?

ಕುಟುಂಬದ ಯಜಮಾನ ಅಣ್ಣು ಮಾವನಿಗೆ ನಾನಿನ್ನೂ ಹೇಳಿಲ್ಲ. ನಮ್ಮದು ಅಳಿಯಸಂತಾನದ ಮನೆ, ಹೆಣ್ಣಿನಿಂದಲೇ ಕುಟುಂಬ ಮುಂದೆ ಹೋಗಬೇಕು. ನಮ್ಮ ಕಡೆಯಲ್ಲಿ ಹೆಣ್ಣು ಎಂದು ಉಳಿದವಳು ನೀನೊಬ್ಬಳೇ. ಯಜಮಾನನಾದವನು ಕೇಳಿದರೆ ಸುಮ್ಮನೆ ಕೂರುವುದಿಲ್ಲ.

ಹೋಗುವುದಿಲ್ಲ ಎಂದು ಬರೆ. ಅಷ್ಟು ಸಾಕು.

ನಿನ್ನ ಅಮ್ಮ,
ರತ್ನಾವತಿ


ಪುಣೆ
14 ಜೂನ್ 1966

ಅಮ್ಮಾ,

ನಿನ್ನ ಕಾಗದದಲ್ಲಿ ತಿದ್ದುವಂಥದ್ದು ಏನೂ ಇಲ್ಲ. ನಮ್ಮ ದೊಡ್ಡ ಸಾಹೇಬರು ಒಂದು ಗಂಟೆ ಇಂಗ್ಲಿಷಿನಲ್ಲಿ ಹೇಳುವುದನ್ನು ನೀನು ಅರ್ಧ ಪುಟದಲ್ಲಿ ಮುಗಿಸಿದ್ದೀ.

ಅಪ್ಪನಿಗೆ ಹೇಳು, ಚಂದ್ರನಲ್ಲಿ ಹೋಟೆಲ್ ನಡೆಯುವುದಿಲ್ಲ. ಅಲ್ಲಿ ಹಗಲು ದೋಸೆ ಕಾವಲಿಯ ಹಾಗೆ ಸುಡುತ್ತದೆ, ರಾತ್ರಿ ಮಂಜುಗಡ್ಡೆಗಿಂತ ತಣ್ಣಗೆ. ಗಾಳಿ ಕೊಂಡುಹೋಗಿ ಸುರಿದರೂ ನಿಲ್ಲುವುದಿಲ್ಲ. ಚಂದ್ರನಿಗೆ ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಶಕ್ತಿ ಇಲ್ಲ, ಸ್ವಲ್ಪ ಸ್ವಲ್ಪವೇ ಜಾರಿ ಆಕಾಶಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಇಡೀ ಚಂದ್ರನನ್ನು ನಮ್ಮ ಊರಿನ ಹಾಗೆ ಮಾಡಲು ಆಗುತ್ತದೆ ಎಂದು ನಾನು ನಂಬುವುದಿಲ್ಲ. ಆದರೆ ಒಂದು ಕೋಣೆಯನ್ನು ಮಾಡಬಹುದು. ಅದು ಆದರೆ ಪಕ್ಕದಲ್ಲಿ ಇನ್ನೊಂದು. ನಿನ್ನ ಅಜ್ಜಿ ಬರೀ ಮುರಕಲ್ಲಿನ ಪಾದೆಬಂಡೆಯ ಮೇಲೆ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಸೌತೆ ಬೆಳೆದರು ಎಂದು ನೀನೇ ಹೇಳುತ್ತಿದ್ದಿ. ಅಲ್ಲಿ ಹುಲ್ಲೂ ಹುಟ್ಟುವುದಿಲ್ಲ ಎಂದು ಊರವರು ನಗುತ್ತಿದ್ದರಂತೆ. ಇದೂ ಹಾಗೆಯೇ, ಮೊದಲ ಬುಟ್ಟಿ.

ನನ್ನನ್ನು ಆರಿಸಿದ್ದು ಧೈರ್ಯಕ್ಕಲ್ಲ. ಎಲ್ಲರ ಉಸಿರನ್ನು ಅಳೆದರು. ನಾನು ಗಾತ್ರದಲ್ಲೂ ಸಣ್ಣವಳು, ಉಸಿರಾಡುವುದೂ ನಿಧಾನ. ನಿನ್ನ ಮಗಳ ಸೋಮಾರಿತನಕ್ಕೆ ಕೊನೆಗೂ ಒಂದು ಬೆಲೆ ಬಂತು. ಒಳಗೆ ಮಾತಾಡುವ ಹಾಗಿಲ್ಲ, ಮಾತಿಗೆ ಉಸಿರು ಖರ್ಚಾಗುತ್ತದೆ. ಏನಾದರೂ ಹೇಳಬೇಕಾದರೆ ಪೆನ್ಸಿಲಿನಲ್ಲಿ ಬರೆದು ಗಾಜಿಗೆ ಹಿಡಿಯಬೇಕು.

ಹೊರಗೆ ಬಾಗಿಲಿನ ಪಕ್ಕ ಕಾಯುವವನು ನಮ್ಮ ಮಂಗಳೂರಿನವನೇ. ವೆಲೆನ್ಸಿಯಾದ ಇಸಿದೋರ್. ಅವನ ಅಮ್ಮ ಮಟಿಲ್ಡಾ ಬಾಯಿ, ನರ್ಸ್ ಆಗಿದ್ದವರು. ಒಳಗಿನ ಗಾಳಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಒಂದು ಮುಳ್ಳು ಉಂಟು. ಅದು ಕೆಂಪು ಗೆರೆಗೆ ಬಂದರೆ ಅವನು ಬಾಗಿಲು ತೆರೆಯುತ್ತಾನೆ. ಬಾವಿಯಲ್ಲಿ ಅಂಥ ಮುಳ್ಳು ಇರಲಿಲ್ಲ ಅಮ್ಮಾ.

ಇಲ್ಲಿ ಜನರಿಗೆ ಅಕ್ಕಿ ಸಿಗುವುದಿಲ್ಲ, ನಿಮಗೆ ಚಂದ್ರನ ಚಿಂತೆ ಯಾಕೆ ಎಂದು ನನ್ನನ್ನು ಕೇಳಿದವರುಂಟು. ನನ್ನಲ್ಲಿ ದೊಡ್ಡ ಉತ್ತರ ಇಲ್ಲ. ನಾನು ಬಿಟ್ಟ ಉಸಿರಿನಿಂದ ಒಂದು ಹಸಿರು ಬೆಳೆಯುವುದನ್ನು, ಆ ಹಸಿರಿನಿಂದ ನಾನು ಬದುಕುವುದನ್ನು ಕಣ್ಣಾರೆ ನೋಡಬೇಕು. ನೀನು ದೇವಸ್ಥಾನಕ್ಕೆ ಯಾಕೆ ಹೋಗುತ್ತೀ ಎಂದು ನಾನು ಕೇಳುತ್ತೇನಾ?

ಮತ್ತೆ, ಶಾಪ ಕೊಟ್ಟ ಗಣಪತಿಯೇ ಅದನ್ನು ಕಡಿಮೆಯೂ ಮಾಡಿದ್ದಾನಲ್ಲ. ಪೂರ್ತಿ ಸಿಟ್ಟು ಇರಲಿಕ್ಕಿಲ್ಲ.

ನಿನ್ನ
ಕುಶಲಾ


ಕುದ್ರೋಳಿ
22 ಜೂನ್ 1966

ಕುಶಲಾ,

ಅಜ್ಜಿ ಮಣ್ಣು ಹೊತ್ತದ್ದು ಹೌದು. ಗಾಳಿ ಹೊರಲಿಲ್ಲ. ಪಾದೆಯ ಮೇಲೆ ಗಾಳಿಯನ್ನು ದೇವರು ಮೊದಲೇ ಇಟ್ಟಿದ್ದ. ಸೌತೆ ಬಾಡಿದರೆ ಮತ್ತೊಂದು ಬಿತ್ತಬಹುದಿತ್ತು. ಅಲ್ಲಿ ಬಾಡುವುದು ಎಂತ, ನೀನೇ ಹೇಳು.

ಇಷ್ಟನ್ನೇ ಬರೆದು ನಿಲ್ಲಿಸಬೇಕೆಂದಿದ್ದೆ. ನಿನ್ನ ಕಾಗದ ಓದಿ ಸ್ವಲ್ಪ ಸಮಾಧಾನವೂ ಆಗಿತ್ತು. ಬಾಗಿಲು ಕಾಯುವ ಹುಡುಗನ ಮನೆಯವರನ್ನು ಒಮ್ಮೆ ನೋಡಿ ಬರುವ ಎಂದು ನಿನ್ನೆ ಬಸ್ಸು ಹತ್ತಿ ವೆಲೆನ್ಸಿಯಾಕ್ಕೆ ಹೋದೆ. ಮಟಿಲ್ಡಾ ಬಾಯಿ ಹಿತ್ತಿಲಲ್ಲಿ ಬೂತಾಯಿ ಮೀನು ಶುಚಿ ಮಾಡುತ್ತಾ ಇದ್ದರು. ಹೆಸರು ಹೇಳಿದ್ದೇ ಸೈ, ಚೂರಿ ಕೆಳಗೆ ಹಾಕಿ ಎದ್ದು ಬಂದರು. "ಕುಶಲಾನ ಅಮ್ಮನಾ? ಬನ್ನಿ ಬನ್ನಿ. ನಿಮ್ಮ ಗಂಡ ಸುಂದರಣ್ಣನ ಹೋಟೆಲಿನ ಬನ್ಸ್ ತಿಂದೇ ನನ್ನ ಮಗ ಇಷ್ಟು ಉದ್ದ ಆದದ್ದು" ಎಂದು ಕೂರಿಸಿದರು. ಒಳ್ಳೆಯ ಹೆಂಗಸು. ಬಾಯಿ ಸ್ವಲ್ಪ ದೊಡ್ಡದು.

ನಾನು ಕೇಳಿದೆ, "ಆ ಕೋಣೆ ಹೇಗೆ ಉಂಟಂತೆ ಬಾಯಮ್ಮಾ?"

"ಈ ಸಲ ಎಲ್ಲ ರಿಪೇರಿ ಮಾಡಿದ್ದಾರಂತೆ. ಹೋದ ಸಲದ ಹಾಗೆ ಆಗ್ಲಿಕ್ಕಿಲ್ಲ."

"ಹೋದ ಸಲ ಎಂತ ಆಯ್ತು?"

ಅವರು ನನ್ನ ಮುಖ ನೋಡಿದರು. "ಮಗಳು ಹೇಳ್ಲಿಲ್ವಾ?"

ಹೇಳಿರಲಿಲ್ಲ ಕುಶಲಾ. ನಿನಗಿಂತ ಮೊದಲು ಒಬ್ಬ ಗಂಡಸು ಒಳಗೆ ಹೋಗಿದ್ದ. ಅವನನ್ನು ಎತ್ತಿಕೊಂಡು ಹೊರಗೆ ತಂದರು. ತುಟಿ ನೀಲಿಯಾಗಿತ್ತು. ನಿನ್ನ ಆ ಮುಳ್ಳು ಕೆಂಪು ಗೆರೆಗೆ ಬರುವ ಮೊದಲೇ ಅವನು ಬಿದ್ದಿದ್ದ. ಇದನ್ನು ನಾನು ಮೀನಿನ ವಾಸನೆಯ ಹಿತ್ತಿಲಲ್ಲಿ, ಗುರುತಿಲ್ಲದವರ ಬಾಯಿಂದ ಕೇಳಬೇಕಾಯಿತು.

ಮಟಿಲ್ಡಾ ಬಾಯಿ ನನ್ನ ಕೈ ಹಿಡಿದುಕೊಂಡರು. "ನಾನು ದಿನಾ ಜಪಸರ ಹಿಡಿದು ನಿಮ್ಮ ಮಗಳಿಗೂ ಸೇರಿಸಿ ಹೇಳ್ತೇನೆ ರತ್ನಕ್ಕಾ. ಇಸಿದೋರನಿಗೂ ಬರೆದಿದ್ದೇನೆ, ಪೋರಾ, ಆ ಬಾಗಿಲಿನ ಹತ್ರದಿಂದ ಕದಲಿದ್ರೆ ಊರಿಗೆ ಬಂದಾಗ ಕಾಲು ಮುರೀತೇನೆ ಅಂತ." ನಗಬೇಕೆಂದೇ ಹೇಳಿದ್ದು ಅವರು. ನನಗೆ ನಗು ಬರಲಿಲ್ಲ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ಟರ್ಪಾಲು ಇಳಿಸಿದ್ದರು, ಜನ ತುಂಬಿತ್ತು. ಉಸಿರು ಕಟ್ಟಿದ ಹಾಗಾಗಿ ದಾರಿಯಲ್ಲೇ ಇಳಿದು ಮಳೆಯಲ್ಲಿ ನಡೆದು ಬಂದೆ.

ಸುಳ್ಳು ಹೇಳಿದ್ದರೆ ನಾನು ಬೈದು ಬಿಡುತ್ತಿದ್ದೆ. ನೀನು ಸುಳ್ಳು ಹೇಳಲಿಲ್ಲ, ಹೇಳದೆ ಬಿಟ್ಟೆ. ಹಾಗಾದರೆ ಇನ್ನೂ ಎಂತೆಲ್ಲ ಹೇಳದೆ ಬಿಟ್ಟಿದ್ದೀ?

ಅಮ್ಮ


ಪುಣೆ
28 ಜೂನ್ 1966

ಅಮ್ಮಾ,

ಹೇಳದೆ ಬಿಟ್ಟದ್ದು ಅದೊಂದೇ. ಹೇಳಿದರೆ ನೀನು ಹೆದರುತ್ತೀ ಎಂದು ಬಿಟ್ಟೆ. ಈಗ ಎರಡು ಪಾಲು ಹೆದರಿದ್ದೀ. ತಪ್ಪು ನನ್ನದೇ.

ಅವರು ಬದುಕಿದ್ದಾರೆ, ಕೆಲಸಕ್ಕೂ ಬರುತ್ತಿದ್ದಾರೆ. ಆದದ್ದು ಇಷ್ಟು. ಒಂದು ಸಂಜೆ ಒಳಗಿನ ಒಂದು ದೀಪ ಕೆಟ್ಟಿತು. ಅವರು ಗಾಬರಿಯಾದರು. ಗಾಬರಿಯಾದವರು ಬೇಗ ಬೇಗ ಉಸಿರು ಎಳೆಯುತ್ತಾರೆ, ಎಳೆದಷ್ಟೂ ಗಾಳಿ ಕೆಡುತ್ತದೆ, ಕೆಟ್ಟಷ್ಟೂ ಗಾಬರಿ ಹೆಚ್ಚು. ನಮ್ಮ ಅವಸರ ಪಾಚಿಗೆ ಗೊತ್ತಿಲ್ಲ. ಅದು ತನ್ನ ಪಾಡಿಗೆ ಕೊಡುವಷ್ಟನ್ನೇ ಕೊಡುತ್ತದೆ. ಮುಳ್ಳು ಆಗ ನಿಧಾನವಾಗಿತ್ತು, ಈಗ ಬೇರೆ ಹಾಕಿದ್ದಾರೆ.

ಈ ಸಲವೂ ಬಾಗಿಲು ನಡುವೆ ತೆರೆದರೆ ಈ ಕೆಲಸವನ್ನೇ ನಿಲ್ಲಿಸುತ್ತಾರೆ. ತೊಟ್ಟಿಗಳನ್ನು ಚರಂಡಿಗೆ ಸುರಿಯುತ್ತಾರೆ. ನಾಲ್ಕು ವರ್ಷದಿಂದ ನಾನು ಬೆಳೆಸಿದ ಪಾಚಿ ಅದು.

ಬರುವ ಸೋಮವಾರ ಒಳಗೆ ಹೋಗುತ್ತೇನೆ. ಸಿಟ್ಟಿದ್ದರೂ ಪರವಾಗಿಲ್ಲ, ಒಂದು ಆಶೀರ್ವಾದ ಬರೆದು ಕಳಿಸು.

ಕುಶಲಾ


ಕುದ್ರೋಳಿ
1 ಜುಲೈ 1966, ಶುಕ್ರವಾರ

ಕುಶಲಾ,

ಈ ಕಾಗದ ನೀನು ಒಳಗೆ ಹೋಗುವ ಮೊದಲು ಸಿಗುತ್ತದೋ ಇಲ್ಲವೋ.

ಆಶೀರ್ವಾದ ಬರೆಯಲು ಕೂತೆ. ಕೈ ಬರಲಿಲ್ಲ. ಸಾಯಲು ಹೋಗುವವಳಿಗೆ ಯಾವ ತಾಯಿ ಆಶೀರ್ವಾದ ಬರೆಯುತ್ತಾಳೆ? ಬೇರೆ ಒಂದು ಮಾಡಿದ್ದೇನೆ. ಬುಧವಾರ ಸಂಕಷ್ಟಿ. ಮಳೆಗಾಲದಲ್ಲಿ ಚಂದ್ರ ಕಾಣುವುದಿಲ್ಲ ಎಂದು ನಾವೆಲ್ಲ ಪಂಚಾಂಗದಲ್ಲಿ ಚಂದ್ರೋದಯದ ಹೊತ್ತು ನೋಡಿ ಉಣ್ಣುವುದು ಕ್ರಮ. ದೇವರು ಅದನ್ನು ಒಪ್ಪುತ್ತಾನೆ ಎಂದು ಭಟ್ಟರೂ ಹೇಳುತ್ತಾರೆ. ಈ ಸಲ ನಾನು ಹಾಗೆ ಉಣ್ಣುವುದಿಲ್ಲ. ಶರವು ದೇವಸ್ಥಾನದಲ್ಲಿ ಗಣಪತಿಯ ಮುಂದೆ ನಿಂತು ಹೇಳಿ ಬಂದಿದ್ದೇನೆ: ಚಂದ್ರನನ್ನು ಕಣ್ಣಾರೆ ಕಂಡಲ್ಲದೆ ಅನ್ನ ಮುಟ್ಟುವುದಿಲ್ಲ, ಅವಳನ್ನು ಕಾಪಾಡು.

ಅಪ್ಪ ತಲೆಗೆ ಕೈ ಹೊಡೆದುಕೊಂಡರು. "ಜುಲೈ ತಿಂಗಳಲ್ಲಿ ಮಂಗಳೂರಿನಲ್ಲಿ ಚಂದ್ರನಾ? ನಿನಗೆ ಮರುಳಾ? ದೇವರಿಗೆ ಹರಕೆ ಹೇಳುವಾಗ ಒಂದು ಮಾತು ನನ್ನ ಹತ್ರ ಕೇಳ್ಬಾರದಾ? ಮೋಡ ಅವನ ಕೈಯಲ್ಲೂ ಇಲ್ಲ ಮಾರಾಯ್ತಿ!"

ಹೇಳಿದ್ದಾಯಿತು. ದೇವರಿಗೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳಲು ಆಗುವುದಿಲ್ಲ.

ನೀನು ಗಾಳಿ ಬಿಟ್ಟು ಕೂರುತ್ತೀ. ನಾನು ಅನ್ನ ಬಿಟ್ಟು ಕೂರುತ್ತೇನೆ. ಯಾರು ಮೊದಲು ಏಳುತ್ತಾರೆ ನೋಡುವ.

ಅಮ್ಮ


ಪುಣೆ
9 ಜುಲೈ 1966, ಶನಿವಾರ

ರತ್ನಾವತಿ ಅಮ್ಮನವರಿಗೆ ಇಸಿದೋರ್ ಮಾಡುವ ನಮಸ್ಕಾರ.

ನಿಮ್ಮ ಒಂದನೇ ತಾರೀಕಿನ ಕಾಗದ ಕುಶಲಾ ಒಳಗೆ ಹೋದ ಮರುದಿನ ಬಂತು. ಒಳಗಿದ್ದವರಿಗೆ ಹೊರಗಿನ ಸುದ್ದಿ ಯಾವುದನ್ನೂ ತಿಳಿಸಬಾರದು ಎಂದು ನಮಗೆ ಆಜ್ಞೆ ಇದೆ. ಆದರೆ ಲಕೋಟೆಯ ಮೇಲೆ ಮಂಗಳೂರಿನ ಮುದ್ರೆ ನೋಡಿ ಅವಳು ಗಾಜಿನಾಚೆಯಿಂದ ಕೈ ಮುಗಿದಳು. ಊರಿನ ಕಾಗದ, ತಾಯಿಯ ಕಾಗದ, ಆಶೀರ್ವಾದ ಇರಬಹುದು ಎಂದು ನಾನು ಓದದೆಯೇ ಬಿಡಿಸಿ ಗಾಜಿಗೆ ಹಿಡಿದೆ. ನಾನು ಓದಬೇಕಿತ್ತು.

ಅವಳು ಪೂರ್ತಿ ಓದಿದಳು. ತೊಟ್ಟಿಗಳ ಕಡೆ ತಿರುಗಿ ಕೂತಳು. ಆ ದಿನದಿಂದ ಮುಳ್ಳು ಏರುತ್ತಿದೆ. ಅವಳಿಗೆ ನಿದ್ದೆ ಇಲ್ಲ. ನಿಧಾನ ಉಸಿರಾಡಬೇಕೆಂದು ಕಣ್ಣು ಮುಚ್ಚಿ ಕೂರುತ್ತಾಳೆ, ಎದೆ ಮಾತ್ರ ಏರಿ ಇಳಿಯುವುದು ಹೊರಗಿನವರಿಗೂ ಕಾಣುತ್ತದೆ. ದಿನಾ ಬೆಳಿಗ್ಗೆ ಒಂದೇ ಕಾಗದವನ್ನು ಗಾಜಿಗೆ ಹಿಡಿಯುತ್ತಾಳೆ: "ಅಮ್ಮ ಉಂಡಳಾ?" ನಾನು ಹೌದು ಎಂದು ತಲೆ ಆಡಿಸಿದೆ. ಅವಳು ಕೆಳಗೆ "ಸುಳ್ಳು" ಎಂದು ಬರೆದಳು. ನೀವು ನಿಜವಾಗಿ ಉಂಡಿಲ್ಲ ಎಂದು, ನಿಮ್ಮನ್ನು ನೋಡಿ ಬಂದ ನಮ್ಮ ಅಮ್ಮನ ತಂತಿ ಬಂದ ಮೇಲೆ ನನಗೆ ತಲೆ ಆಡಿಸಲೂ ಆಗಲಿಲ್ಲ.

ಹೀಗೆಯೇ ಹೋದರೆ ಬರುವ ಶುಕ್ರವಾರದ ಹೊತ್ತಿಗೆ ಮುಳ್ಳು ಕೆಂಪಿಗೆ ಬರುತ್ತದೆ. ಮುಳ್ಳು ಹೊಸದು, ಸರಿಯಾದದ್ದು ಎಂದು ಸಾಹೇಬರು ಹೇಳುತ್ತಾರೆ. ಹಳೆಯದನ್ನೂ ಸರಿಯಾದದ್ದು ಎಂದೇ ಹೇಳಿದ್ದರು. ಹೊರಗೆ ಬಾ ಎಂದು ನಾನು ಬರೆದು ತೋರಿಸಿದೆ. ಬರುವುದಿಲ್ಲ ಎಂದಳು. "ಪಾಚಿಯದ್ದು ತಪ್ಪಿಲ್ಲ" ಎಂದು ಬರೆದಳು.

ತಂತಿ ಕೊಟ್ಟರೆ ಪ್ರಯೋಜನವಿಲ್ಲ. ಅದನ್ನು ಅಪ್ಪ ಕೊಡಿಸಿದ್ದು ಎನ್ನುತ್ತಾಳೆ. ನಿಮ್ಮ ಕೈಬರಹವೇ ಬೇಕು. ನೀವು ಉಂಡು, ಉಂಡೆ ಎಂದು ಬರೆಯಬೇಕು. ಹೆದರಿಕೆಯ ಒಂದು ಮಾತೂ ಅದರಲ್ಲಿ ಇರಬಾರದು. ಅವಳು ನಿಮ್ಮ ಅಕ್ಷರದಲ್ಲೇ ಕಂಡುಹಿಡಿಯುತ್ತಾಳೆ.

ಅದು ನಿಮ್ಮಿಂದ ಆಗದಿದ್ದರೆ ಇನ್ನೊಂದು ದಾರಿ ಉಂಟು. ಬಾಗಿಲಿನ ಬೋಲ್ಟು ಬಿಚ್ಚುವ ಸ್ಪ್ಯಾನರ್ ನನ್ನ ಕೈಯಲ್ಲೇ ಇದೆ. ತೆರೆ ಎಂದು ನೀವು ಒಂದು ಮಾತು ಬರೆದರೆ ತೆರೆಯುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ಆಮೇಲೆ ಅವಳು ಜೀವಮಾನದಲ್ಲಿ ನನ್ನ ಹತ್ತಿರ ಮಾತಾಡಲಿಕ್ಕಿಲ್ಲ, ನಿಮ್ಮ ಹತ್ತಿರ ಹೇಗೋ ತಿಳಿಯದು.

ಇಸಿದೋರ್


(ಮೊದಲ ಹಾಳೆ. ಇಸಿದೋರ್, ಇದನ್ನು ಗಾಜಿಗೆ ಹಿಡಿ.)

ಕುದ್ರೋಳಿ
12 ಜುಲೈ 1966, ಮಂಗಳವಾರ

ಕುಶಲಾ ಮಗಾ,

ಉಂಡೆ.

ಕುಚ್ಚಲಕ್ಕಿ ಗಂಜಿ, ತಿಮರೆ ಸೊಪ್ಪಿನ ಚಟ್ನಿ, ಸುಟ್ಟ ಹಪ್ಪಳ. ಅಪ್ಪ ಬಡಿಸಿದರು. ಅವರಿಗೆ ಗಂಜಿ ಬಸಿಯಲು ಬರುವುದಿಲ್ಲ, ಅರ್ಧ ಅನ್ನ ತಿಳಿಯ ಜೊತೆ ಚರಂಡಿಗೆ ಹೋಯಿತು. ಇಷ್ಟು ವರ್ಷ ಹೋಟೆಲ್ ನಡೆಸಿದ್ದು ಹೇಗೆ ಎಂದು ಕೇಳಿದೆ. "ಅಲ್ಲಿ ಬಸಿಯುವವ ಬೇರೆ, ನಾನು ಬೈಯುವವ" ಎಂದರು. ಎರಡನೆಯ ಸಲವೂ ಹಾಕಿಸಿಕೊಂಡೆ.

ಚಂದ್ರ ಕಂಡನಾ ಎಂದು ನೀನು ಕೇಳುತ್ತೀ. ಕಾಣಲಿಲ್ಲ. ಕಂಡ ಎಂದು ಬರೆದರೆ ನೀನು ನಂಬುವುದಿಲ್ಲ, ಉಂಡದ್ದನ್ನೂ ನಂಬುವುದಿಲ್ಲ. ಕಾಣದೆಯೇ ಉಂಡೆ. ಗಣಪತಿಯ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ, ಅದು ನಮ್ಮಿಬ್ಬರ ವಿಷಯ.

ಯಾರು ಮೊದಲು ಏಳುತ್ತಾರೆ ನೋಡುವ ಎಂದು ಬರೆದಿದ್ದೆನಲ್ಲ. ನಾನೇ ಎದ್ದೆ. ಈಗ ನೀನು ಏಳಬೇಕೆಂದೇನೂ ಇಲ್ಲ.

ಪಾಚಿಯನ್ನು ನೋಡಿಕೊಂಡು ಒಳಗೆ ಇರಬೇಕೆಂದು ಕಂಡರೆ ಇರು. ಸಾಕು ಎಂದು ಕಂಡರೆ ಬಾ. ಎರಡರಲ್ಲಿ ಯಾವುದಾದರೂ ನಾನು ನಾಳೆಯೂ ಉಣ್ಣುತ್ತೇನೆ, ನಾಡಿದ್ದೂ ಉಣ್ಣುತ್ತೇನೆ. ನೀನು ಹೇಳಿದ್ದನ್ನೇ ಇಸಿದೋರ್ ಮಾಡುತ್ತಾನೆ. ಯಾವುದು ಎಂದು ಬರೆದು ಗಾಜಿಗೆ ಹಿಡಿ.

ಸ್ವಲ್ಪ ಮಲಗು. ಮಗುವಾಗಿದ್ದಾಗ ನನ್ನ ಹೊಟ್ಟೆಯ ಮೇಲೆ ಕಿವಿ ಇಟ್ಟು ಮಲಗುತ್ತಿದ್ದಿ, ನಾನು ಉಸಿರು ಬಿಡುವಾಗ ನೀನೂ ಬಿಡುತ್ತಿದ್ದಿ. ಹಾಗೆ ಮಲಗು.

ನಿನ್ನ ಆಶೀರ್ವಾದ ಬಾಕಿ ಇತ್ತು. ಇದರ ಜೊತೆಗೆ ಉಂಟು.

ಅಮ್ಮ


(ಎರಡನೆಯ ಹಾಳೆ. ಇದು ನಿನಗೆ. ಗಾಜಿನ ಹತ್ತಿರ ಕೊಂಡುಹೋಗಬೇಡ.)

ಇಸಿದೋರ್,

ಆ ಹಾಳೆಯನ್ನು ಮೂರು ಸಲ ಬರೆದೆ. ಮೊದಲೆರಡರಲ್ಲಿ ಅಕ್ಷರ ನಡುಗಿತು. ಕುಶಲಾನ ಅಪ್ಪ ಕನ್ನಡಕ ಹಾಕಿ ಪರೀಕ್ಷೆ ಮಾಡಿ, "ಇದು ಬೇಡ, ಇದರಲ್ಲಿ ಗೊತ್ತಾಗ್ತದೆ" ಎಂದು ಒಲೆಗೆ ಹಾಕಿದರು. ಮೂರನೆಯದನ್ನು ಬರೆಯುವ ಮೊದಲು ನಾನು ಒಂದು ಗಳಿಗೆ ಜಗಲಿಯಲ್ಲಿ ಸುಮ್ಮನೆ ಕೂತು ಉಸಿರು ಸರಿ ಮಾಡಿಕೊಳ್ಳಬೇಕಾಯಿತು. ಇಡೀ ಮಂಗಳೂರಿನ ಗಾಳಿ ನನ್ನ ಮುಂದೆ ಇತ್ತು, ಆದರೂ ಎದೆಗೆ ಸಾಕಾಗಲಿಲ್ಲ. ಅವಳಿಗೆ ಒಂದು ಕೋಣೆಯಷ್ಟೇ ಉಂಟು.

ನನ್ನ ಹೆದರಿಕೆಯನ್ನೆಲ್ಲ ಇಲ್ಲಿ ಬರೆಯುತ್ತೇನೆ, ನೀನು ಇಟ್ಟುಕೋ.

ನಾನು ಅವಳ ಜೀವಕ್ಕಾಗಿ ಅನ್ನ ಬಿಟ್ಟೆ. ಅದೇ ಅವಳ ಗಾಳಿ ತಿನ್ನುತ್ತಿದೆ ಎಂದು ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು. ದೇವರಿಗೆ ಕೊಟ್ಟ ಮಾತು ಮುರಿದು ಉಂಡೆ. ನನ್ನ ಐವತ್ತು ವರ್ಷದಲ್ಲಿ ಹೀಗೆ ಮಾಡಿದವಳಲ್ಲ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಲಿ, ಆ ಕೋಣೆಯ ಕಡೆ ನೋಡದಿರಲಿ ಎಂದು ಬೇಡಿಕೊಂಡಿದ್ದೇನೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ತೆರೆಯಲೇ ಎಂದು ನೀನು ಕೇಳಿದೆ. ತೆರೆ ಎಂದು ಬರೆದು ನೋಡಿದೆ. ಎರಡೇ ಅಕ್ಷರ. ಆಮೇಲೆ ಅವಳು ಹೊರಗೆ ಬಂದು ನಿಂತು ನನ್ನನ್ನು ಹೇಗೆ ನೋಡುತ್ತಾಳೆ ಎಂದು ಕಣ್ಣಿಗೆ ಕಂಡಿತು. ಬೇಡ ಎಂದೂ ಬರೆಯಲು ಆಗಲಿಲ್ಲ. ನಾನು ಎರಡನ್ನೂ ಬರೆಯುವುದಿಲ್ಲ. ಅವಳೇ ಹೇಳಲಿ.

ಆದರೆ ಒಂದು ಮಾತು. ಮಲಗು ಎಂದು ಬರೆದಿದ್ದೇನೆ. ಮಲಗಿದರೆ ಅದು ನಿದ್ದೆಯೋ ಅಲ್ಲವೋ ಎಂದು ನಿನಗೆ ಹೇಗೆ ಗೊತ್ತಾಗುತ್ತದೆ? ಬರೆದು ಮುಗಿಸಿದ ಮೇಲೆ ಇದು ಹೊಳೆಯಿತು. ಅಳಿಸಲೂ ಆಗುವುದಿಲ್ಲ, ಅಳಿಸಿದ್ದನ್ನು ಅವಳು ನೋಡುತ್ತಾಳೆ. ಅವಳು ಮಲಗಿದರೆ ನೀನು ಗಾಜಿಗೆ ಬಡಿ. ಅವಳಿಗೆ ಸಿಟ್ಟು ಬಂದರೂ ಬಡಿ. ಕೈ ಎತ್ತಿದರೆ ಸರಿ. ಎತ್ತದಿದ್ದರೆ ಮುಳ್ಳು ನೋಡಬೇಡ, ಸಾಹೇಬರನ್ನು ಕೇಳಬೇಡ, ನನ್ನನ್ನೂ ಅವಳನ್ನೂ ಕೇಳಬೇಡ. ಬೋಲ್ಟು ಬಿಚ್ಚು.

ಅಂಚೆ ತರುವ ವಿಮಾನ ನಿನ್ನೆಯಿಂದ ಬಜ್ಪೆಗೆ ಬಂದಿಲ್ಲ. ಅಂಚೆಯನ್ನು ನಂಬಿ ಕೂರಲು ಆಗುವುದಿಲ್ಲ. ನಮ್ಮ ಕುದ್ರೋಳಿಯ ಬಶೀರ್ ಹಂಚಿನ ಲಾರಿಯಲ್ಲಿ ಈಗಲೇ ಪುಣೆಗೆ ಹೊರಡುತ್ತಿದ್ದಾನೆ. ಗುರುವಾರದೊಳಗೆ ಮುಟ್ಟಿಸುತ್ತೇನೆ ಎಂದಿದ್ದಾನೆ. "ಹಂಚು ಆಮೇಲೆ ಇಳಿಸ್ತೇನೆ ಅಮ್ಮಾ, ಮೊದಲು ನಿಮ್ಮ ಕಾಗದ" ಎಂದ. ಲಾರಿ ಹೊರಗೆ ಸ್ಟಾರ್ಟ್ ಮಾಡಿ ನಿಲ್ಲಿಸಿದ್ದಾನೆ, ಹಾಗಾಗಿ ಇಲ್ಲಿಗೆ ಮುಗಿಸುತ್ತೇನೆ. ಅವನು ನಿಮ್ಮ ಗೇಟಿನ ಹೊರಗೆ ಕಾಯುತ್ತಾನೆ. ಬರಿಗೈಯಲ್ಲಿ ಕಳಿಸಬೇಡ.

ಅವಳು ಗಾಜಿಗೆ ಹಿಡಿದದ್ದನ್ನು ಹಾಗೆಯೇ ನಕಲು ಮಾಡು. ಚಂದ ಮಾಡಬೇಡ. ಅಕ್ಷರ ಓರೆಯಾಗಿದ್ದರೆ ಓರೆಯಾಗಿಯೇ ಬರೆ, ಅರ್ಧಕ್ಕೆ ನಿಂತಿದ್ದರೆ ಅರ್ಧಕ್ಕೇ ನಿಲ್ಲಿಸು. ನಾನು ಓದಿಕೊಳ್ಳುತ್ತೇನೆ. ಬರೆಯಲು ಅವಳಿಗೆ ಆಗದಿದ್ದರೆ ಒಂದು ಗೆರೆ ಎಳೆಯಲು ಹೇಳು. ಆ ಗೆರೆಯನ್ನು ಬಶೀರನ ಕೈಗೆ ಕೊಡು, ಅವನು ನನಗೆ ತಂದುಕೊಡಲಿ.

ರತ್ನಾವತಿ